ನರಿ ಕೂಗುತ್ತ ಕೂಗುತ್ತ ನಡುವೆ ಸುಮ್ಮನಾಗುವುದೇಕೆ?

ಲೋಕ ಆಗ ತೀರ ಹೊಸದು. ಎಷ್ಟು ಹೊಸದೆಂದರೆ, ಈಜಿಪ್ಟಿನ ನೈಲ್ ನದಿಗೆ ತನ್ನ ದಾರಿ ಇನ್ನೂ ಬಾಯಿಪಾಠವಾಗಿರಲಿಲ್ಲ. ಒಂದು ದಿನ ಈ ಕಡೆ ಹರಿದರೆ ಇನ್ನೊಂದು ದಿನ ಆ ಕಡೆ ಹರಿಯುತ್ತಿತ್ತು. ಸಂಜೆಯ ಹೊತ್ತಿಗೆ "ಅಯ್ಯೋ, ಇದೆಲ್ಲಿಗೆ ಬಂದೆ ನಾನು?" ಎಂದು ಹಿಂದೆ ಸರಿಯುತ್ತಿತ್ತು.

ಕೊನೆಗೊಮ್ಮೆ ನದಿಗೇ ಸಾಕಾಯಿತು. ತನ್ನ ಎರಡೂ ದಡಕ್ಕೆ ಕಪ್ಪು ಮಣ್ಣು ಹರಡಿ, ಅದರಾಚೆ ಕೆಂಪು ಮರಳನ್ನು ಹಾಗೇ ಬಿಟ್ಟು, ಎಲ್ಲರನ್ನೂ ಕರೆಯಿತು.

"ಕಪ್ಪು ನೆಲ ನನ್ನದು, ಕೆಂಪು ನೆಲ ಗಾಳಿಯದು. ಯಾರು ಎಲ್ಲಿರ್ತೀರಿ, ಇವತ್ತೇ ಹೇಳಿಬಿಡಿ. ನಾಳೆ ಬಂದು ಗೋಗರೆದರೆ ನಾನು ಕೇಳೋಳಲ್ಲ."

ಹಸು ಕಪ್ಪು ನೆಲಕ್ಕೆ ಹೋಯಿತು. ಬೆಕ್ಕು, ಕಪ್ಪೆ, ಕೊಕ್ಕು ಬಾಗಿದ ಬಿಳಿ ಹಕ್ಕಿ, ಎಲ್ಲವೂ ಹಸುವಿನ ಹಿಂದೆಯೇ ಹೋದವು. ಸಿಂಹ, ಹಾವು, ಚೇಳು ಕೆಂಪು ನೆಲಕ್ಕೆ ಹೋದವು. ನೀರಾನೆಗೆ ಎಲ್ಲಿಗೂ ನಡೆಯುವ ಮನಸ್ಸಿರಲಿಲ್ಲ. ಅದು ನೀರಿನಲ್ಲೇ ಕೂತುಬಿಟ್ಟಿತು.

ಉಳಿದದ್ದು ನರಿ. ಅದರ ಮುಂಗಾಲು ಕಪ್ಪು ಮಣ್ಣಿನಲ್ಲಿತ್ತು, ಹಿಂಗಾಲು ಕೆಂಪು ಮರಳಿನಲ್ಲಿತ್ತು.

"ಯಾವ ಕಡೆಗಪ್ಪಾ ನೀನು?" ಎಂದು ನದಿ ಕೇಳಿತು.

"ಯಾವ ಕಡೆಯಿಂದ ನನಗೆ ಯಾರಾದರೂ ಓ ಅಂತಾರೋ ಆ ಕಡೆಗೆ" ಎಂದಿತು ನರಿ.

ನಗಬೇಡ ಮಗು. ಅದು ತಮಾಷೆಗೆ ಹೇಳಿದ ಮಾತಲ್ಲ. ಆ ಕಾಲದಲ್ಲಿ ಪ್ರತಿ ಪ್ರಾಣಿಯ ಕೂಗಿಗೂ ಓಗೊಡಲು ಅದರ ಜಾತಿಯದೇ ಇನ್ನೊಂದು ಪ್ರಾಣಿ ಇತ್ತು. ಒಂದು ಕಪ್ಪೆ ವಟರ್ ಎಂದರೆ ಇನ್ನೊಂದು ವಟರ್ ಎನ್ನುತ್ತಿತ್ತು. ಈ ದಡದ ಕತ್ತೆ ಅರಚಿದರೆ ಆ ದಡದ ಕತ್ತೆ ಸುಮ್ಮನಿರುತ್ತಿರಲಿಲ್ಲ. ನರಿ ಮಾತ್ರ ಲೋಕಕ್ಕೆಲ್ಲ ಒಂದೇ ಒಂದು. ಅದನ್ನು ಮಾಡಿದವರು ಇನ್ನೊಂದನ್ನು ಮಾಡುವುದನ್ನು ಮರೆತುಬಿಟ್ಟಿದ್ದರು.

ನರಿ ಕಪ್ಪು ನೆಲದ ಕಡೆ ತಿರುಗಿ "ಊ..." ಎಂದಿತು. ಯಾರೂ ಓ ಎನ್ನಲಿಲ್ಲ. ಕೆಂಪು ನೆಲದ ಕಡೆ ತಿರುಗಿ "ಊ..." ಎಂದಿತು. ಅಲ್ಲಿಂದಲೂ ಯಾರೂ ಓ ಎನ್ನಲಿಲ್ಲ. ನದಿ ಕಾಯುವಷ್ಟು ಕಾದು, ತನ್ನ ಪಾಡಿಗೆ ತಾನು ಹರಿಯಿತು. ನರಿ ಎರಡೂ ನೆಲ ಕೂಡುವ ಗೆರೆಯ ಮೇಲೆಯೇ ಉಳಿಯಿತು.

"ಒಂಟಿಯಾಗಿರೋದು ರೂಢಿಯಾಗುತ್ತೆ ಬಿಡು" ಎಂದು ಗಾಳಿ ಸಮಾಧಾನ ಮಾಡಿತು. "ನಾನೂ ಒಬ್ಬಳೇ ಅಲ್ವಾ?"

"ನಿನಗೆ ಗುಡ್ಡ ಓಗೊಡುತ್ತೆ" ಎಂದಿತು ನರಿ.

ಗಾಳಿ ಮರಳು ಎಬ್ಬಿಸುತ್ತ ಗುಡ್ಡದ ಕಡೆ ಹೊರಟುಹೋಯಿತು.

ಆ ಗೆರೆಯ ಹತ್ತಿರವೇ, ಕಪ್ಪು ನೆಲದ ಕೊನೆಯಲ್ಲಿ, ಒಂದು ಹಳ್ಳಿ. ಹಳ್ಳಿಯ ಕೊನೆಯ ಮನೆಯಲ್ಲಿ ಇಬಿ ಎಂಬ ಮುದುಕನಿದ್ದ. ಕೆತ್ತನೆ ಅವನ ಕೆಲಸ. ಅವನು ಕೆತ್ತಿದ್ದಕ್ಕೆ ಅವನ ಹೆಂಡತಿ ಹೆನುತ್ ಬಣ್ಣ ಬಳಿಯುತ್ತಿದ್ದಳು. ಮನೆಯಲ್ಲಿ ಅವರಿಬ್ಬರೇ. ಇಬಿ ನಿಧಾನದವನು, ಹೆನುತ್ ಚುರುಕಿನವಳು. ಬೈಗುಳವೂ ಅವಳ ಬಾಯಿಂದ ಚುರುಕಾಗಿಯೇ ಬರುತ್ತಿತ್ತು.

ಆ ಊರಿನವರ ಪದ್ಧತಿ ಒಂದಿತ್ತು. ಹುಟ್ಟಿಗೆ, ಪೂಜೆಗೆ, ಪಯಣಕ್ಕೆ, ಸಾವಿಗೆ, ಎಲ್ಲಕ್ಕೂ ಒಂದು ಪ್ರಾಣಿ ಜೊತೆಗಿರಬೇಕು. ಮನುಷ್ಯರಿಗೆ ಗೊತ್ತಿಲ್ಲದ್ದು ಪ್ರಾಣಿಗಳಿಗೆ ಗೊತ್ತು ಎಂದು ಅವರ ನಂಬಿಕೆ. ನೆರೆ ಇಳಿದ ಮೇಲೆ ಕೆಸರಿನ ತುಂಬ ಕಪ್ಪೆಮರಿಗಳು ತುಂಬಿಕೊಳ್ಳುತ್ತವಲ್ಲ, ಅದಕ್ಕೇ ಹೆರಿಗೆಯಾಗುವವಳ ಕೈಯಲ್ಲಿ ಕಲ್ಲಿನ ಕಪ್ಪೆ. ಎಳೆಗೂಸು ಮಲಗಿದರೆ ಅದರ ಸುತ್ತ ಒಂದು ಬಾಗಿದ ಕೋಲಿನಿಂದ ಗೆರೆ ಎಳೆಯುತ್ತಿದ್ದರು. ಆ ಕೋಲು ನೀರಾನೆಯ ಹಲ್ಲಿನದು. ಅದರ ಮೇಲೆ ಸಿಂಹ, ತಾಯಿ ನೀರಾನೆ, ಎಲ್ಲ ಸಾಲಾಗಿ ನಿಂತಿರುತ್ತಿದ್ದವು. ಹಾವು ಚೇಳುಗಳು ಆ ಗೆರೆ ದಾಟುವ ಧೈರ್ಯ ಮಾಡುತ್ತಿರಲಿಲ್ಲ. ದೇವಿಯ ಮುಂದೆ ಅಲ್ಲಾಡಿಸುವ ಗಿಲಕಿಯ ತುದಿಯಲ್ಲಿ ಬೆಕ್ಕು. ದೋಣಿಯ ಮೂತಿಯಲ್ಲಿ ದೂರ ಕಾಣುವ ಗಿಡುಗ. ಸಗಣಿ ಉಂಡೆಯನ್ನು ಸೂರ್ಯನಂತೆ ಉರುಳಿಸುತ್ತದೆಂದು ಸಗಣಿ ಹುಳಕ್ಕೂ ಮರ್ಯಾದೆ. ಅದನ್ನು ನೀಲಿ ಕಲ್ಲಿನಲ್ಲಿ ಕೆತ್ತಿ ಸತ್ತವರ ಎದೆಯ ಮೇಲೆ ಇಡುತ್ತಿದ್ದರು.

ಕೆತ್ತುವುದೆಲ್ಲ ಮುಗಿದ ಮೇಲೆ ಇಬಿ ತಾನು ಕೆತ್ತುವ ತಾಮ್ರದ ಬಾಚಿಯನ್ನು ತೊಳೆದು, ಅದರ ತುದಿಯನ್ನು ಗೊಂಬೆಯ ಕಣ್ಣಿಗೆ ಮುಟ್ಟಿಸುತ್ತಿದ್ದ. ಕಣ್ಣು ತೆರೆಯುತ್ತಿತ್ತು. ಕಿವಿಗೆ ಮುಟ್ಟಿಸುತ್ತಿದ್ದ. ಕಿವಿ ಕೇಳುತ್ತಿತ್ತು. ಕೊನೆಗೆ ಬಾಯಿಗೆ ಮುಟ್ಟಿಸುತ್ತಿದ್ದ. ಗಿಲಕಿಯ ಮೇಲಿನ ಬೆಕ್ಕು ಗುರುಗುಟ್ಟುತ್ತಿತ್ತು, ದೋಣಿಯ ಗಿಡುಗ ಕಿರುಚುತ್ತಿತ್ತು. ಆಮೇಲೆ ಅವನ್ನು ಯಾರೂ ಗೊಂಬೆ ಎನ್ನುತ್ತಿರಲಿಲ್ಲ.

ಇದನ್ನೆಲ್ಲ ನರಿ ದಿನಾ ಸಂಜೆ ಬೇಲಿಯ ಆಚೆ ಕೂತು ನೋಡುತ್ತಿತ್ತು. ಕೆತ್ತಿಸಿಕೊಳ್ಳಲು ಬಂದ ಪ್ರಾಣಿಗಳು ಇಬಿಯ ಅಂಗಳದಲ್ಲಿ ಕತ್ತು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದವು. ಹೋಗುವಾಗ ಜಂಬದಿಂದ ಹೋಗುತ್ತಿದ್ದವು. ಎಲ್ಲರೂ ಹೋದ ಮೇಲೆ ನರಿ ಕೇಳುತ್ತಿತ್ತು:

"ತಾತ, ನನ್ನನ್ನು ಯಾವಾಗ ಕೆತ್ತುತ್ತೀಯ?"

"ನಿನ್ನನ್ನು ಯಾರೂ ಕೇಳಿಲ್ಲವಲ್ಲೋ ಮಾರಾಯ" ಎನ್ನುತ್ತಿದ್ದ ಇಬಿ.

ಅಷ್ಟರಲ್ಲಿ ಹೆನುತ್ ಪೊರಕೆ ಹಿಡಿದು ಬರುತ್ತಿದ್ದಳು. "ಹೋಗ್ತೀಯೋ ಇಲ್ವೋ! ಸತ್ತವರನ್ನು ಬಗೆಯೋ ಪ್ರಾಣಿಗೆ ಅಂಗಳದಲ್ಲಿ ಏನು ಕೆಲಸ?"

ಊರಿನವರೆಲ್ಲ ಹಾಗೇ ಹೇಳುತ್ತಿದ್ದರು. ಸತ್ತವರನ್ನು ಅವರು ಕೆಂಪು ಮರಳಿನ ಕೆಳಗೆ ಸಣ್ಣ ಕೋಣೆ ತೋಡಿ, ಬಾಗಿಲು ಮುಚ್ಚಿ ಹೂಳುತ್ತಿದ್ದರು. ಬೆಳಿಗ್ಗೆ ಹೋಗಿ ನೋಡಿದರೆ ಮರಳಿನ ಮೇಲೆ ನರಿಯ ಹೆಜ್ಜೆ. ಹೆಜ್ಜೆ ಕಂಡ ಮೇಲೆ ಇನ್ನೇನು ಕೇಳಬೇಕು? ಬಗೆಯಲಿಕ್ಕೇ ಬಂದಿತ್ತು ಎಂದು ತೀರ್ಮಾನವಾಯಿತು. ಅಲ್ಲಿ ಗುಂಡಿ ಇದೆಯೋ ಇಲ್ಲವೋ ಎಂದು ಯಾರೂ ಬಗ್ಗಿ ನೋಡಲಿಲ್ಲ.

ನೋಡಿದವನು ಇಬಿ ಒಬ್ಬನೇ. ಒಂದು ಸಂಜೆ ಅವನು ತೀರಿಹೋದ ತನ್ನ ತಮ್ಮನಿಗೆ ರೊಟ್ಟಿ ಇಡಲು ಮರಳಿಗೆ ಹೋಗಿದ್ದ. ತಮ್ಮನ ದಿಬ್ಬದ ಪಕ್ಕದಲ್ಲಿ ನರಿ ಮಲಗಿತ್ತು. ಮುಂಗಾಲುಗಳ ಮೇಲೆ ಗದ್ದ ಊರಿ, ಸುಮ್ಮನೆ ಮಲಗಿತ್ತು.

"ಇಲ್ಲಿ ಏನು ಮಾಡ್ತಿದ್ದೀಯ?" ಎಂದ ಇಬಿ.

"ಜೊತೆಗಿದ್ದೀನಿ ತಾತ."

"ಯಾರಿಗೆ?"

"ಇವರಿಗೆ. ಊರಲ್ಲಿ ಕೂಗಿದರೆ ಯಾರೂ ಓ ಅನ್ನಲ್ಲ, ನಾಚಿಕೆಯಾಗುತ್ತೆ. ಇವರೂ ಓ ಅನ್ನಲ್ಲ. ಆದರೆ ಇವರಿಗೆ ಆಗಲ್ಲ, ಅದಕ್ಕೆ ಅನ್ನಲ್ಲ. ಇಲ್ಲಿ ಕೂತರೆ ಬೇಜಾರು ಸ್ವಲ್ಪ ಕಮ್ಮಿ."

ಇಬಿ ರೊಟ್ಟಿಯನ್ನು ಮುರಿದು ಅರ್ಧ ತಮ್ಮನಿಗಿಟ್ಟ, ಅರ್ಧ ನರಿಗಿಟ್ಟ. ಮನೆಗೆ ಬಂದು ಹೆಂಡತಿಗೆ ಹೇಳಿದ. ಹೆನುತ್ ನಂಬಲಿಲ್ಲ. "ನಿನಗೆ ಕಣ್ಣು ಮಂಜಾಗಿದೆ" ಎಂದಳು.

ಆ ವರ್ಷ ನೆರೆ ಇಳಿಯುವ ಹೊತ್ತಿಗೆ ಇಬಿ ಹಾಸಿಗೆ ಹಿಡಿದ. ಅವನಿಗೆ ಸಾಯಲು ಭಯವಿರಲಿಲ್ಲ. ಭಯವಿದ್ದದ್ದು ಕೆಂಪು ನೆಲದ ಕೆಳಗೆ ಒಬ್ಬನೇ ಇರಲು. ಹೆನುತ್‌ಳಿಗೂ ಅದೇ ಚಿಂತೆ. ಒಬ್ಬನೇ ಊಟ ಮಾಡಿ ಗೊತ್ತಿಲ್ಲದ ಮನುಷ್ಯ ಅವನು. ಪಕ್ಕದಲ್ಲಿ ಯಾರಾದರೂ ಇಲ್ಲದಿದ್ದರೆ ಉಪ್ಪು ಎಲ್ಲಿದೆ ಎಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ.

ಅವಳು ಪ್ರಾಣಿಗಳನ್ನು ಕೇಳುತ್ತ ಹೋದಳು. "ನನ್ನ ಗಂಡನನ್ನು ಮಲಗಿಸೋ ಪೆಟ್ಟಿಗೆಯ ಮೇಲೆ ಗೊಂಬೆಯಾಗಿ ಕೂರ್ತೀಯಾ? ಎಂದೆಂದಿಗೂ?"

"ಅಲ್ಲಿ ಹಾಲಿರಲ್ಲ" ಎಂದಿತು ಬೆಕ್ಕು. "ಅಲ್ಲಿ ಹುಲ್ಲಿರಲ್ಲ" ಎಂದಿತು ಹಸು. "ಅಲ್ಲಿ ಆಕಾಶವೇ ಇರಲ್ಲವಲ್ಲ!" ಎಂದು ಗಿಡುಗ ಹಾರಿಹೋಯಿತು. ಸಗಣಿ ಹುಳ ಎದೆಯ ಮೇಲಿರಲು ಒಪ್ಪಿತು, ಆದರೆ ಅದಕ್ಕೆ ಮಾತು ಬರುತ್ತಿರಲಿಲ್ಲ.

ಬೇಲಿಯ ಆಚೆಯಿಂದ ನರಿ ಹೇಳಿತು: "ನಾನು ಕೂರ್ತೀನಿ."

ಒಳಗಿನಿಂದ ಇಬಿ ಕ್ಷೀಣವಾಗಿ ನಕ್ಕ. "ನನಗೆ ಗೊತ್ತಿತ್ತು. ಏನು ಕೊಡಲಿ ನಿನಗೆ? ಮಾಂಸ ಬೇಕಾ?"

"ಬೇಡ ತಾತ. ನೀನು ಕೆತ್ತೋ ನರಿಗೆ ಬಾಯಿ ತೆರೆಸು. ನಾನು ಹೊರಗಿನಿಂದ ಕೂಗ್ತೀನಿ, ಅದು ಒಳಗಿನಿಂದ ಓ ಅನ್ನಲಿ. ಅಷ್ಟು ಸಾಕು."

"ಆಯ್ತು" ಎಂದ ಇಬಿ. "ಅದು ಓ ಅನ್ನುತ್ತೆ. ಮಾತು ಕೊಟ್ಟೆ."

ಅತ್ತಿ ಮರದ ತುಂಡನ್ನು ಹಾಸಿಗೆಯ ಪಕ್ಕಕ್ಕೇ ತರಿಸಿಕೊಂಡ. ನರಿ ಮೊದಲ ಸಲ ಬೇಲಿ ದಾಟಿ ಅಂಗಳದಲ್ಲಿ ಕೂತಿತು, ಉಳಿದವರಂತೆ ಕತ್ತು ನೆಟ್ಟಗೆ ಮಾಡಿಕೊಂಡು. ಇಬಿ ದಿನಕ್ಕೆ ಸ್ವಲ್ಪ ಸ್ವಲ್ಪ ಕೆತ್ತಿದ. ಬೆನ್ನು ಬಂತು, ಬಾಲ ಬಂತು, ನೀಳವಾದ ಮೂತಿ ಬಂತು, ನೆಟ್ಟಗಿನ ಕಿವಿ ಬಂದವು. ಬಾಲವನ್ನು ನಯ ಮಾಡುತ್ತಿರುವಾಗಲೇ ಅವನ ಕೈ ನಿಂತುಹೋಯಿತು.

ಮಿಕ್ಕದ್ದು ಹೆನುತ್ ಪಾಲಿಗೆ ಬಂತು. ಅಳುತ್ತ ಅಳುತ್ತ ಮರದ ನರಿಗೆ ಕಪ್ಪು ಬಣ್ಣ ಬಳಿದಳು. ಹೊರಗಿನ ನರಿ ಮರಳಿನ ಬಣ್ಣದ್ದು. ಆದರೂ ಇದಕ್ಕೆ ಕಪ್ಪೇ ಬೇಕೆಂದಳು. ಕಪ್ಪು ಮಣ್ಣಿನಲ್ಲಿ ಹೂತ ಕಾಳು ಮತ್ತೆ ಮೇಲೆ ಬರುತ್ತದಲ್ಲ, ತನ್ನ ಗಂಡನಿಗೂ ಹಾಗೇ ಆಗಲಿ ಎಂದು ಅವಳ ಆಸೆ.

ಬಣ್ಣ ಒಣಗಿದ ಮೇಲೆ ಬಾಚಿಯನ್ನು ತೊಳೆದು ತಂದಳು. ಮರದ ನರಿಯ ಕಣ್ಣಿಗೆ ಮುಟ್ಟಿಸಿದಳು. ಕಣ್ಣು ತೆರೆಯಿತು. ಕಿವಿಗೆ ಮುಟ್ಟಿಸಿದಳು.

ಅಂಗಳದಿಂದ ನರಿ, ತೀರ ಮೆಲ್ಲಗೆ, "ಊ..." ಎಂದಿತು.

ಮರದ ಕಿವಿಗಳು ಅದರ ಕಡೆಗೆ ತಿರುಗಿದವು.

"ಕೇಳಿಸ್ತು! ಅಜ್ಜೀ, ಅದಕ್ಕೆ ಕೇಳಿಸ್ತು!" ಎಂದು ನರಿ ಅಂಗಳದ ತುಂಬ ಸುತ್ತಿತು. ತನ್ನ ಬಾಲವನ್ನೇ ಅಟ್ಟಿಸಿಕೊಂಡು ಹೋಯಿತು, ನೀರಿನ ಗಡಿಗೆಯನ್ನು ಉರುಳಿಸಿತು. ಹುಟ್ಟಿದ ಮೇಲೆ ಅದಕ್ಕೆ ಅಷ್ಟು ಸಂತೋಷವಾದದ್ದು ಅದೇ ಮೊದಲು. ಹೆನುತ್ ಕೂಡ ಗಡಿಗೆಗಾಗಿ ಬೈಯಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯವಳು ಬೇಲಿಯ ಮೇಲಿನಿಂದ ಇಣುಕಿದಳು. "ಏನು ಹೆನುತ್, ನರಿಗೆ ಬಾಯಿ ತೆರೆಸ್ತೀಯಾ? ಒಳಗೆ ನಿನ್ನ ಗಂಡ ಮಲಗಿರ್ತಾನೆ. ಬಾಗಿಲು ಬೇರೆ ಮುಚ್ಚಿರುತ್ತೆ. ಅದಕ್ಕೆ ಹಸಿವಾದರೆ ಏನು ಗತಿ, ಯೋಚನೆ ಮಾಡಿದ್ದೀಯಾ?"

ಹೆನುತ್ ಕೈ ಅಲ್ಲೇ ನಿಂತಿತು.

"ಬಾಯಿ?" ಎಂದು ನರಿ ಕೇಳಿತು.

"ಅಲ್ಲಿಗೆ ಹೋದ ಮೇಲೆ ಮಾಡ್ತೀನಿ" ಎಂದು ಹೆನುತ್ ಬಾಚಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು.

ಮರುದಿನ ಇಬಿಯನ್ನು ಕೆಂಪು ನೆಲಕ್ಕೆ ಹೊತ್ತೊಯ್ದರು. ಗುಡ್ಡದ ಬುಡದಲ್ಲಿ ಒಂದು ಸಣ್ಣ ಕೋಣೆ ಕೊರೆದಿದ್ದರು. ಒಳಗೆ ಪೆಟ್ಟಿಗೆ ಇಟ್ಟರು. ಪೆಟ್ಟಿಗೆಯ ಮೇಲೆ ಮರದ ನರಿಯನ್ನು, ಬಾಗಿಲ ಕಡೆಗೆ ಮುಖ ಮಾಡಿ, ಕೂರಿಸಿದರು. ನರಿ ದೂರದಲ್ಲಿ ನಿಂತು ನೋಡುತ್ತಿತ್ತು. ಮರದ ಕಣ್ಣುಗಳೂ ಅದನ್ನೇ ನೋಡುತ್ತಿದ್ದವು. ಗಂಡಸರು ಕಲ್ಲು ಪೇರಿಸಿ, ಮಣ್ಣು ಮೆತ್ತಿ, ಮರಳು ಎಳೆದರು. ಅಳುವವರು ಅತ್ತರು. ಆಮೇಲೆ ಒಬ್ಬೊಬ್ಬರೇ ಊರಿಗೆ ಹೋದರು.

ಉಳಿದದ್ದು ಹೆನುತ್ ಮತ್ತು ನರಿ. ಸೂರ್ಯ ಮುಳುಗುತ್ತಿದ್ದ.

ನರಿ ಮುಚ್ಚಿದ ಬಾಗಿಲ ಮುಂದೆ ನಿಂತು ಕೂಗಿತು. ಕೂಗಿ, ತಲೆ ವಾಲಿಸಿ, ಕಾಯಿತು.

ಏನೂ ಕೇಳಿಸಲಿಲ್ಲ. ಮತ್ತೆ ಕೂಗಿತು. ಮತ್ತೆ ಕಾಯಿತು.

ಆಗ ಅದರ ಕಣ್ಣು ಹೆನುತ್‌ಳ ಬುಟ್ಟಿಯ ಮೇಲೆ ಬಿತ್ತು. ಬಾಚಿಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿರಲೇ ಇಲ್ಲ. ಕಟ್ಟಿದ ಗಂಟು ಹಾಗೇ ಇತ್ತು.

"ಅಜ್ಜಿ" ಎಂದಿತು ನರಿ. "ಬಾಯಿ?"

ಮರೆತೆ ಎಂದು ಹೆನುತ್ ಹೇಳಬಹುದಿತ್ತು. ಗಂಡ ಸತ್ತ ದುಃಖದಲ್ಲಿ ಯಾರು ಬೇಕಾದರೂ ಮರೆಯುತ್ತಾರೆ. ಆದರೆ ಅವಳು ಸುಳ್ಳು ಹೇಳಲಿಲ್ಲ.

"ಹೆದರಿದೆ" ಎಂದಳು. "ನರಿಯ ಬಾಯಿ ಅಂತ ಹೆದರಿದೆ."

ನರಿ ಬುಟ್ಟಿಯಿಂದ ಮುಖ ತಿರುಗಿಸಿತು. ಅದರ ಕಿವಿಗಳು ನಿಧಾನವಾಗಿ ಕೆಳಗಿಳಿದವು. ಅದನ್ನು ನೋಡಲಾಗದೆ ಹೆನುತ್ ಮುಖ ಮುಚ್ಚಿಕೊಂಡಳು. ಪೊರಕೆ ಬೀಸಿದಾಗಲೂ ಅದು ಹಾಗೆ ಕಿವಿ ಇಳಿಸಿರಲಿಲ್ಲ.

ಕೊನೆಗೆ ಅವಳೇ ಹೇಳಿದಳು: "ಬಗಿ. ನಿನಗೆ ಇದೆಷ್ಟರ ಕೆಲಸ? ಮರಳು ಬಗಿ, ಕಲ್ಲು ನಾನು ಸರಿಸ್ತೀನಿ. ಬಾಚಿ ಇಲ್ಲೇ ಇದೆ. ಈಗಲೇ ಬಾಯಿ ತೆರೆಸ್ತೀನಿ."

ನರಿ ಮುಂಗಾಲನ್ನು ಮರಳಿನ ಮೇಲಿಟ್ಟಿತು. ಒಮ್ಮೆ ಕೆರೆಯಿತು. ಮರಳು ಮೆತ್ತಗಿತ್ತು. ಒಳಗೆ, ಅಷ್ಟೇ ಅಷ್ಟು ದೂರದಲ್ಲಿ, ಲೋಕದಲ್ಲೆಲ್ಲ ಅದಕ್ಕಿದ್ದ ಒಂದೇ ಜೊತೆ, ಕಿವಿ ನೆಟ್ಟಗೆ ಮಾಡಿಕೊಂಡು ಕೂತಿತ್ತು. ಇನ್ನೊಂದು ಸ್ವಲ್ಪ ಕೆರೆದಿದ್ದರೆ ಆಗಿಹೋಗುತ್ತಿತ್ತು.

"ಮುಚ್ಚಿದ ಬಾಗಿಲು ತೆರೆದರೆ ತಾತನಿಗೆ ಏನಾಗುತ್ತೆ?" ಎಂದು ಕೇಳಿತು.

ಹೆನುತ್‌ಳಿಗೆ ಉತ್ತರ ಗೊತ್ತಿತ್ತು. ಊರಿನ ಎಲ್ಲರಿಗೂ ಗೊತ್ತಿತ್ತು. ಮುಚ್ಚಿದ ಬಾಗಿಲನ್ನು ತೆರೆದರೆ ಒಳಗಿರುವವನು ಆಚೆಯ ಲೋಕಕ್ಕೆ ಹೋಗುವ ದಾರಿ ತಪ್ಪುತ್ತಾನೆ. ಆಮೇಲೆ ಎಂದೆಂದಿಗೂ ಒಬ್ಬನೇ ಅಲೆಯುತ್ತಾನೆ. ಅವಳು ಬುಟ್ಟಿಯನ್ನು ಎದೆಗೆ ಅವುಚಿಕೊಂಡಳು. ನರಿಗೆ ಅರ್ಥವಾಯಿತು.

ಅದು ಕಾಲನ್ನು ಹಿಂದಕ್ಕೆ ತೆಗೆದುಕೊಂಡಿತು. ಕೆರೆದ ಜಾಗವನ್ನು ಬಾಲದಿಂದ ಸವರಿ ಸಮ ಮಾಡಿತು.

"ಬೇಡ ಅಜ್ಜಿ. ಒಬ್ಬನೇ ಇರೋದು ಹೇಗಿರುತ್ತೆ ಅಂತ ನನಗೆ ಗೊತ್ತು. ತಾತನಿಗೆ ಅದು ಬೇಡ."

ಹೆನುತ್ ಅಲ್ಲೇ ಮರಳಿನಲ್ಲಿ ಕುಸಿದು ಕೂತು ಜೋರಾಗಿ ಅತ್ತಳು. ಗಂಡನಿಗಾಗಿ ಅತ್ತಳೋ, ನರಿಗಾಗಿ ಅತ್ತಳೋ, ಅವಳಿಗೇ ತಿಳಿಯಲಿಲ್ಲ. ಪಕ್ಕದಲ್ಲಿ ನರಿ ಮುಂಗಾಲುಗಳ ಮೇಲೆ ಗದ್ದ ಊರಿ ಮಲಗಿತು. ಗಂಡ ಹೇಳಿದ್ದು ನಿಜವೆಂದು ಅವಳು ಕಣ್ಣಾರೆ ಕಂಡದ್ದು ಆಗ.

ಅತ್ತು ಮುಗಿದ ಮೇಲೆ ಅವಳೆಂದಳು: "ಅದಕ್ಕೆ ಓ ಅನ್ನೋಕೆ ಬರಲ್ಲ. ಆದರೆ ಕೇಳಿಸುತ್ತೆ. ಕಿವಿ ನಾನೇ ತೆರೆಸಿದ್ದೀನಿ."

ನರಿ ಯೋಚಿಸಿತು. ಕೇಳಿಸಿದರೆ ಸಾಕೇ? ಸಾಕಾಗಲಿಲ್ಲ ಮಗು. ಸಾಕಾಯಿತು ಎಂದರೆ ನಾನು ಸುಳ್ಳು ಹೇಳಿದಂತೆ. ಆದರೂ ಅದು ಎದ್ದು ನಿಂತು, ಬಾಗಿಲ ಕಡೆ ಮುಖ ಮಾಡಿ, ಆವತ್ತಿನ ಸುದ್ದಿ ಹೇಳಿತು. ನೆರೆ ಪೂರ್ತಿ ಇಳಿಯಿತು ಎಂದಿತು. ಅಜ್ಜಿ ಬಂದಿದ್ದಾಳೆ, ಇನ್ನೂ ಊಟ ಮಾಡಿಲ್ಲ ಎಂದಿತು. ಹೇಳಿ, ನಡುವೆ ನಿಲ್ಲಿಸಿತು. ಒಳಗಿನ ನರಿ ಓ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟು, ಮತ್ತೆ ಮುಂದುವರಿಸಿತು.

ಆಮೇಲೆ ದಿನಾ ಸಂಜೆ ಹೆನುತ್ ಬರುತ್ತಿದ್ದಳು. "ಬಾರ್ಲಿ ಮೊಳಕೆ ಬಂತು ಅಂತ ಹೇಳು" ಎನ್ನುತ್ತಿದ್ದಳು. "ಬೆಕ್ಕು ಮರಿ ಹಾಕಿದೆ ಅಂತ ಹೇಳು. ಉಪ್ಪು ಎಡಗಡೆಯ ಗಡಿಗೆಯಲ್ಲಿ ಇಟ್ಟಿದ್ದೀನಿ ಅಂತ ಹೇಳು." ನರಿ ಎಲ್ಲವನ್ನೂ ಕೂಗಿ ಹೇಳುತ್ತಿತ್ತು. ನಡುವೆ ನಿಲ್ಲಿಸುತ್ತಿತ್ತು. ಆ ಬಿಡುವಿನಲ್ಲಿ ಇಬ್ಬರೂ ಬಾಗಿಲ ಕಡೆ ಕಿವಿಗೊಡುತ್ತಿದ್ದರು. ಓ ಎಂಬ ಮಾತು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನಗು ಬರುತ್ತದಾ? ಗೋಡೆಯ ಮೇಲಿನ ನಿನ್ನ ತಾತನ ಫೋಟೋಗೆ ನಾನು ದಿನಾ ಸಂಜೆ ದೀಪ ಹಚ್ಚಿ, ಇವತ್ತು ಮನೆಯಲ್ಲಿ ಏನಾಯಿತೆಂದು ಹೇಳುವುದಿಲ್ಲವೇ? ಹೇಳಿ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದಿಲ್ಲವೇ? ಹಾಗೇ ಇದು.

ಒಂದು ಸಂಜೆ ಹೆನುತ್ ಬರಲಿಲ್ಲ. ನರಿ ಬಹಳ ಹೊತ್ತು ಕಾದು, ಆ ಸುದ್ದಿಯನ್ನೂ ಒಳಗಿನವರಿಗೆ ತಾನೇ ಹೇಳಿತು.

ಅವಳ ಪೆಟ್ಟಿಗೆಯ ಮೇಲೂ ಒಂದು ಕಪ್ಪು ನರಿ ಕೂರಬೇಕೆಂದು ಅವಳು ಮೊದಲೇ ಹೇಳಿಟ್ಟಿದ್ದಳು. ಬಾಯಿ ತೆರೆಸಿ ಎಂದೂ ಹೇಳಿದ್ದಳು. ಆದರೆ ಇಬಿಯ ನರಿಗೆ ತೆರೆಸಿರಲಿಲ್ಲ, ಹಾಗಿದ್ದ ಮೇಲೆ ಪದ್ಧತಿಯೇ ಹಾಗಿರಬೇಕು ಎಂದುಕೊಂಡ ಊರಿನವರು ಅದನ್ನೂ ಮುಚ್ಚಿದ ಬಾಯಲ್ಲೇ ಒಳಗೆ ಕೂರಿಸಿದರು. ಆಮೇಲೆ ಸತ್ತವರಿಗೆಲ್ಲ ನರಿ ಬೇಕಾಯಿತು. ಒಬ್ಬಳು ಹೆದರಿ ಮಾಡಿದ್ದು ಎಲ್ಲರ ಪದ್ಧತಿಯಾಯಿತು. ಇವತ್ತಿಗೂ ಆ ದೇಶದ ಹಳೆಯ ಪೆಟ್ಟಿಗೆಗಳ ಮೇಲೆ ಕಾಲು ಚಾಚಿ ಕೂತಿರುವ ಕಪ್ಪು ನರಿಗಳ ಚಿತ್ರ ನೋಡು. ಕಿವಿಗಳು ನೆಟ್ಟಗಿರುತ್ತವೆ, ಬಾಯಿ ಮುಚ್ಚಿರುತ್ತದೆ.

ಬಹಳ ಕಾಲದ ಮೇಲೆ ನರಿಯನ್ನು ಮಾಡಿದವರಿಗೆ ತಮ್ಮ ಮರೆವು ನೆನಪಾಯಿತು, ಇನ್ನೊಂದು ನರಿಯನ್ನು ಮಾಡಿದರು. ಆಮೇಲೆ ಮರಿಗಳಾದವು. ಮರಿಗಳಿಗೆ ಮರಿಗಳಾದವು. ಅವು ಮರಳು ದಾಟಿ, ಬೆಟ್ಟ ದಾಟಿ, ಎಲ್ಲ ದೇಶಗಳಿಗೂ ಹೋದವು, ನಮ್ಮ ಕಬ್ಬಿನ ಗದ್ದೆಗಳ ಅಂಚಿಗೂ ಬಂದವು. ಈಗ ನರಿಗೆ ನರಿ ಓಗೊಡುತ್ತದೆ. ಆದರೆ ಮೊದಲ ನರಿ ತನ್ನ ಮರಿಗಳಿಗೆ ಕೂಗಲು ಕಲಿಸುವಾಗ ಒಂದು ಮಾತು ಹೇಳಿತ್ತು: "ನಡುವೆ ಒಂದಿಷ್ಟು ಜಾಗ ಬಿಡಿ. ಅದು ಒಳಗೆ ಕೂತಿರೋ ನಮ್ಮವನದು."

ಅದಕ್ಕೇ ಮಗು, ಇವತ್ತಿಗೂ ಹೊತ್ತು ಮುಳುಗಿದಾಗ ಊರಾಚೆ ಊಳಿಡುವ ನರಿಗಳೆಲ್ಲ ಒಮ್ಮೆಲೇ ಸುಮ್ಮನಾಗಿ ತಲೆ ವಾಲಿಸಿ ನಿಲ್ಲುತ್ತವೆ. ಆಗ ನೀನೂ ಮಾತಾಡಬೇಡ, ಬಾಯಿ ತೆರೆಯಲಾಗದ ಒಬ್ಬನ ಸರದಿ ಅದು.